ಸೊಂಟ ನೋವಿಗೆ ಹೊಟ್ಟೆ ಒಳಗೆ ಎಳೆಯೋ ವ್ಯಾಯಾಮ: ಇಷ್ಟಕ್ಕೇ ಗುಣ ಆಗುತ್ತಾ?

ಶಿರಸಿ_ದರ್ಜಿ:
ವಯಸ್ಸು 46. ಅದರಲ್ಲಿ 22 ವರ್ಷ ಹೊಲಿಗೆ ಮಷಿನ್ ಮುಂದೆಯೇ ಕಳೆದಿದೆ. ದೀಪಾವಳಿ ಹೊತ್ತಿಗೆ ಕಟಿಂಗ್ ಟೇಬಲ್ ಮೇಲೆ ಬಗ್ಗಿದವನಿಗೆ ಏಳಲಿಕ್ಕೇ ಆಗಲಿಲ್ಲ. ಗುಳಿಗೆ ನುಂಗಿದೆ, ಬೆಲ್ಟ್ ಕಟ್ಟಿದೆ, ಎಣ್ಣೆ ತಿಕ್ಕಿಸಿದೆ. ನೋವು ಹೋಯಿತು. ಸಂಕ್ರಾಂತಿಗೆ ವಾಪಸ್ ಬಂತು. ಎಂಆರ್‌ಐಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ, ಆಪರೇಷನ್ ಬೇಡ ಅಂದರು.

ಈಗ ಫಿಸಿಯೋ ಹತ್ತಿರ ಹೋಗುತ್ತಿದ್ದೇನೆ. ಕರೆಂಟ್ ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಹೊಕ್ಕುಳ ಕೆಳಗೆ ಮೆಲ್ಲಗೆ ಒಳಗೆ ಎಳೆದುಕೊಳ್ಳಿ, ಉಸಿರು ಹಿಡೀಬೇಡಿ, ಹತ್ತು ಎಣಿಸಿ ಅಂದರು. ಬಿಗಿ ಪ್ಯಾಂಟಿನ ಹುಕ್ ಹಾಕುವವರ ಹಾಗೆ ಜೋರಾಗಿ ಎಳೆದೆ. ಅಷ್ಟೆಲ್ಲ ಬೇಡ ಅಂದುಬಿಟ್ಟರು! ಬೆವರೂ ಬರಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ಮೈಸೂರು_ಫಿಸಿಯೋ:
ದಂಡ ಅಲ್ಲ ಸರ್. ಹೊಟ್ಟೆಯ ತೀರಾ ಒಳಗಿನ ಸ್ನಾಯು ಸೊಂಟವನ್ನು ಬೆಲ್ಟಿನ ಹಾಗೆ ಸುತ್ತಿರುತ್ತದೆ. ನಾವು ಕೈ ಎತ್ತುವ ಮೊದಲೇ ಅದು ಬಿಗಿಯಾಗಬೇಕು. ಬೆನ್ನು ನೋವಿದ್ದವರಲ್ಲಿ ತಡವಾಗಿ ಬಿಗಿಯಾಗುತ್ತದೆ ಎಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ತೋರಿಸಿದರು. ಅದೇ ವರ್ಷ ಅಲ್ಲಿಂದಲೇ ಬಂದ ಇನ್ನೊಂದು ವಿಷಯ ನಿಮಗೇ ಹೇಳಿದ ಹಾಗಿದೆ: ನೋವು ಹೋದರೂ ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಸ್ನಾಯು ತಾನಾಗಿ ಮೊದಲಿನ ಗಾತ್ರಕ್ಕೆ ಬರುವುದಿಲ್ಲ.

ಹಾಗಂತ ಇದೇನೂ ಮಂತ್ರ ಅಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯಲ್ಲಿ 29 ಪ್ರಯೋಗ ಒಟ್ಟಿಗೆ ನೋಡಿದರು. ಹಳೇ ನೋವಿಗೆ ಬೇರೆ ವ್ಯಾಯಾಮಗಳಿಗಿಂತ ಇದು ಜಾಸ್ತಿ ಅಂತೇನೂ ಕಾಣಲಿಲ್ಲ. ಸುಮ್ಮನಿರುವುದಕ್ಕಿಂತ ಮೇಲು, ಅಷ್ಟೇ. ಯಾವುದನ್ನು ಬಿಡದೆ ಮಾಡುತ್ತೀರೋ ಅದು ನಿಮ್ಮದು.

ಕಾಲು ಜೋಮು ಹಿಡಿದು ಶಕ್ತಿ ಕಳಕೊಂಡರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಓಡಿ.

ಬೆಳಗಿನ_ವಾಕಿಂಗ್:
ನಾನು ಎರಡು ವಾರ ಮಾಡಿ ಬಿಟ್ಟೆ, ಬೋರು. ಎದ್ದ ತಕ್ಷಣ ಬಗ್ಗಿ ಕಾಲ್ಬೆರಳು ಮುಟ್ಟಿ ಸಾರ್, ಎಲ್ಲ ಸರಿಹೋಗುತ್ತೆ.

ಮೈಸೂರು_ಫಿಸಿಯೋ:
ದಯವಿಟ್ಟು ಬೇಡ. ರಾತ್ರಿ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಎದ್ದ ಮೊದಲ ಒಂದು ಗಂಟೆ ಪೂರ್ತಿ ಬಗ್ಗಬೇಡಿ. ನಡೆಯಿರಿ.

ಅಡಿಕೆ_ಅಕ್ಕ:
ಅಡಿಕೆ ಸುಲಿದು ಸುಲಿದು ನನ್ನ ಸೊಂಟವೂ ಹೋಗಿತ್ತು ಮಾರಾಯ್ರೆ. ಮಲಗಿ ಮಾಡುವುದು ಬರೀ ಶುರುವಾತು. ಆಮೇಲೆ ಅಂಬೆಗಾಲಿನ ಹಾಗೆ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿಸುತ್ತಾರೆ. ಬೆನ್ನು ಅಲ್ಲಾಡಬಾರದು. ನಾನು ಸೊಂಟದ ಮೇಲೆ ಸ್ಟೀಲ್ ಲೋಟ ಇಟ್ಟುಕೊಂಡು ಮಾಡುತ್ತಿದ್ದೆ. ಮೊದಲ ದಿನ ಲೋಟದ ಸದ್ದಿಗೆ ನಾಯಿ ಓಡಿಹೋಯಿತು. ಮೂರು ತಿಂಗಳು ಬೇಕಾಯಿತು, ಹೇಳಿಬಿಡುತ್ತೇನೆ.

ಶಿರಸಿ_ದರ್ಜಿ:
ಅಕ್ಕ, ಹತ್ತು ದಿನ ಆಯಿತು. ನನಗೆ ಲೋಟ ಬೇಡ, ಗುರುತು ಹಾಕುವ ಚಾಕ್ ಇದೆ. ಎಡಗಾಲು ಚಾಚಿದರೆ ನಿಲ್ಲುತ್ತದೆ. ಬಲಗಾಲು ಎತ್ತಿದ ಕೂಡಲೇ ಸೊಂಟ ಓರೆಯಾಗಿ ಜಾರುತ್ತದೆ. ನೋವು ಇದೆ, ಆದರೆ ಬೆಳಿಗ್ಗೆ ಚಪ್ಪಲಿ ಹಾಕಲು ಗೋಡೆ ಹಿಡಿಯುತ್ತಿಲ್ಲ. ಇವತ್ತು ಬಲಗಾಲಿನಲ್ಲೂ ಏಳು ಎಣಿಸುವ ತನಕ ಚಾಕ್ ಬೀಳಲಿಲ್ಲ. ಎಂಟಕ್ಕೆ ಬಿದ್ದು ಎರಡು ತುಂಡಾಯಿತು.