ಆನೆಗುಂದಿ ಗುಡ್ಡದಾಗ ನಾರೋ ಹೂ, ಇದು ಮಂಗರವಳ್ಳಿ ಹೌದೋ ಅಲ್ಲೋ?

ಗುಡ್ಡದ_ಹಾದಿ: ನಮಸ್ಕಾರ್ರಿ. ಆನೆಗುಂದಿ ಕಡೆ ಅಡ್ಡಾಡಕ ಹೋದಾಗ ಬಂಡೆ ಸಂದಿನ್ಯಾಗ ಒಂದು ಗಿಡ ಕಂಡ್ತು, ಎಲಿ ಅನ್ನೋದೇ ಇಲ್ಲ, ನಾಕು ಮೂಲಿ ಇರೋ ದಪ್ಪ ಹಸರು ಕಾಂಡ, ತುದಿಗೆ ದುಂಡನ ಗೊಂಚಲು, ಹೂ ಕರಿಗೆಂಪು, ಐದು ಮೂಲಿ. ಹತ್ರ ಮೂಗು ಒಯ್ದ್ರ ಇಲಿ ಸತ್ತಂಗ ನಾತ, ಮ್ಯಾಲೆಲ್ಲ ನೊಣ. ಗೆಳೆಯ ಮಂಗರವಳ್ಳಿ ಅಂತಾನ, ಮೊಬೈಲ್ ಆಪ್ ಸ್ಟೆಪೀಲಿಯಾ ಅಂತೈತಿ. ಯಾವ್ದು ಖರೆ?

ಎಕ್ಕದ_ಹಾಲು: ಎರಡೂ ಅಲ್ರಿ. ಮಂಗರವಳ್ಳಿ ಬಳ್ಳಿ, ಗೆಣ್ಣು ಗೆಣ್ಣು ಇರ್ತದ, ಗೆಣ್ಣಿಗೆ ಕುಡಿಬಳ್ಳಿ, ಎಳೀದಿದ್ದಾಗ ಎಲಿನೂ ಇರ್ತಾವ, ಹೂ ಸಣ್ಣವು, ನಾರಂಗಿಲ್ಲ. ಹಪ್ಪಳದ ಹಿಟ್ಟಿಗೆ ಹಾಕ್ತಾರಲ್ಲ, ಅದು. ಸ್ಟೆಪೀಲಿಯಾ ಆಫ್ರಿಕಾದ್ದು, ಇಲ್ಲಿ ಕುಂಡದಾಗ ಸಿಗ್ತದ, ಗುಡ್ಡದಾಗಲ್ಲ, ಆದ್ರ ಆಪ್ ತೀರಾ ದಾರಿ ತಪ್ಪಿಲ್ಲ, ಸ್ಟೆಪೀಲಿಯಾನೂ ನಿಮ್ಮ ಗಿಡಾನೂ ಒಂದೇ ಬಳಗ. ನಿಮ್ದು ಕ್ಯಾರಲ್ಲುಮಾ ಅಂಬೆಲ್ಲಾಟಾ ಇರಬೇಕು. ಆ ನಾತ ನೊಣಕ್ಕ ಕರಿಯೋಲೆ, ಪರಾಗ ಸಾಗಿಸಾಕ ಅವೇ ಬೇಕು. ಒಂದು ಟೆಸ್ಟ್ ಮಾಡ್ರಿ, ತುದಿ ಚಿವುಟಿದ್ರ ಬಿಳಿ ಹಾಲು ಬಂದ್ರ ಕಳ್ಳಿ ಜಾತಿ, ನೀರಿನಂಥ ರಸ ಬಂದ್ರ ಇದೇ. ಮುಂದ ಕಾಯಿ ಜೋಡಿ ಕೊಂಬಿನಂಗ ಬರ್ತಾವ, ಒಡದ್ರ ಎಕ್ಕದ ಬೀಜಕ್ಕಿದ್ದಂಗ ರೇಷ್ಮಿ ಕೂದ್ಲು, ಯಾಕಂದ್ರ ಎಕ್ಕನೂ ಇದೂ ಒಂದೇ ಕುಟುಂಬ.

ಜೋಳದ_ರೊಟ್ಟಿ: ಇದೇ ಏನ್ರಿ ತೂಕ ಇಳಿಸೋ ಮಾತ್ರಿಗೆ ಹಾಕೋದು? ಹಸೀದೇ ತಿಂದ್ರ ನಡಿತದಾ?

ಎಕ್ಕದ_ಹಾಲು: ಅದು ಇದರ ದಾಯಾದಿ, ಫಿಂಬ್ರಿಯಾಟಾ. ಅದರ ಕಾಂಡ ತುದಿಗೆ ಸಪೂರ ಆಗ್ತದ, ಹೂ ಗೊಂಚಲಾಗಂಗಿಲ್ಲ, ಕಾಂಡದುದ್ದಕ್ಕೂ ಬಿಡಿ ಬಿಡಿ, ಅಂಚಿಗೆ ಕೂದ್ಲು. ಫೋಟೋ ನೋಡಿ ಹೆಸರು ಹಚ್ಚಿದ ಗಿಡ ಬಾಯಾಗ ಹಾಕಬ್ಯಾಡ್ರಿ, ನಾನು ಹೇಳಿದ್ರೂ ಸೈತ.

ಗುಡ್ಡದ_ಹಾದಿ: ಇವತ್ತು ಹೋಗಿ ಚಿವುಟಿ ನೋಡಿದ್ನಿ, ಹಾಲಿಲ್ಲ, ಬರೇ ನೀರು, ಕುಡಿಬಳ್ಳಿನೂ ಇಲ್ಲ. ಅಂಬೆಲ್ಲಾಟಾನೇ. ಒಂದು ತುಣುಕು ಮುರಕೊಂಡು ಬಂದೀನಿ, ಕುಂಡದಾಗ ಬರ್ತದಾ?

ಎಕ್ಕದ_ಹಾಲು: ಬರ್ತದ. ಮುರಿದ ಬಾಯಿ ಒಣಗೋತನ ನೆಳ್ಳಾಗ ಇಡ್ರಿ, ಆಮ್ಯಾಗ ಮರಳು ಹೆಚ್ಚಿರೋ ಮಣ್ಣಾಗ ನೆಡ್ರಿ, ನೀರು ಕಮ್ಮಿ, ನಿಂತ್ರ ಕೊಳಿತದ. ಗುಡ್ಡದಾಗಿನ ಬುಡ ಮಾತ್ರ ಕೀಳಬ್ಯಾಡ್ರಿ. ಮತ್ತ ಹೂ ಬಿಟ್ಟಾಗ ಅಡಗಿಮನಿ ಕಿಟಕಿ ಹತ್ರ ಇಡಬ್ಯಾಡ್ರಿ, ಮನ್ಯಾಗ ಜಗಳ ಆಗ್ತದ.