ವಾ ಪೆಡಲ್ ಆದ್ಮೇಲೆ ಫಜ್ ಹಾಕಿದ್ರೆ ಸ್ವೀಪ್ ಮಾಯ: ರೆಕಾರ್ಡಿಂಗ್‌ಗೆ ಏನು ಮಾಡ್ಬೇಕು?

ಆರು_ತಂತಿ

ಚೈನ್ ಹೀಗಿದೆ: ಗಿಟಾರ್, ವಾ (ಪಾದದಿಂದ ಆಡಿಸೋ ಫಿಲ್ಟರ್ ಪೆಡಲ್), ಎರಡು ಟ್ರಾನ್ಸಿಸ್ಟರಿನ ಜರ್ಮೇನಿಯಂ ಫಜ್ (ಸದ್ದನ್ನ ಒರಟಾಗಿ ಒಡೆಯೋ ಪೆಡಲ್), ಆಮೇಲೆ ಟ್ಯೂಬ್ ಆಂಪ್. ಫಜ್ ಆಫ್ ಇದ್ದಾಗ ವಾ ಚೆನ್ನಾಗಿ ಬಾಯಿ ತೆರೆಯುತ್ತೆ. ಫಜ್ ಒತ್ತಿದ ತಕ್ಷಣ ಸ್ವೀಪ್, ಅಂದ್ರೆ ಪೆಡಲ್ ಆಡಿಸಿದಾಗ ಸದ್ದು ಮೇಲೆ ಕೆಳಗೆ ಜಾರೋದು, ಪೂರ್ತಿ ಚಪ್ಪಟೆ. ಹಿಮ್ಮಡಿ ಕಡೆ ಇಟ್ರೂ ಟೋ (ಕಾಲ್ಬೆರಳು) ಕಡೆ ಒತ್ತಿದ್ರೂ ಒಂದೇ ಥರ. ಕೆಲವು ಸಲ ಕೀರಲು ಶಿಳ್ಳೆಯೂ ಬರುತ್ತೆ. 60-70ರ ದಶಕದ ರೆಕಾರ್ಡುಗಳಲ್ಲಿ ಇದೇ ಕ್ರಮದಲ್ಲಿ ಕೇಳಿಸುತ್ತಲ್ಲ, ಅವರಿಗೆ ಹೇಗೆ ಆಯ್ತು? ಇನ್ನೊಂದು ಪ್ರಶ್ನೆ: ಫಂಕ್ ರಿದಮ್‌ನ ‘ಚಕ-ಚಕ’ ಮತ್ತು ಪೆಡಲ್ ಅಲ್ಲಾಡಿಸದೆ ಒಂದೇ ಕಡೆ ನಿಲ್ಲಿಸಿದ ಸದ್ದು, ಇವೆರಡನ್ನ ರೆಕಾರ್ಡ್ ಮಾಡೋವಾಗ ಏನು ಗಮನಿಸಬೇಕು?

ಬೆಸುಗೆ

ಪೆಡಲ್ ಕೆಟ್ಟಿಲ್ಲ. ಎರಡು ಸರ್ಕ್ಯೂಟ್ ಒಂದಕ್ಕೊಂದು ಹೊಂದ್ತಿಲ್ಲ ಅಷ್ಟೆ.

ಹಳೇ ಮಾದರಿಯ ವಾ ಒಳಗೆ ಸುಮಾರು 500 ಮಿಲಿಹೆನ್ರಿ ಇಂಡಕ್ಟರ್, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಕೆ (ಕಿಲೋ-ಓಮ್) ಪಾಟ್, ಅಂದ್ರೆ ಪೆಡಲ್ ತಿರುಗಿಸೋ ರೆಸಿಸ್ಟರ್, ಇರುತ್ತೆ. ಪಾಟ್ ನೇರವಾಗಿ ಫಿಲ್ಟರ್ ತಿರುಗಿಸಲ್ಲ. ಮೊದಲ ಟ್ರಾನ್ಸಿಸ್ಟರಿನ ಸಿಗ್ನಲ್‌ನಲ್ಲಿ ಎಷ್ಟು ಪಾಲು ಎರಡನೇ ಟ್ರಾನ್ಸಿಸ್ಟರ್ ಮೂಲಕ ಕೆಪಾಸಿಟರಿಗೆ ವಾಪಸ್ ಹೋಗ್ಬೇಕು ಅನ್ನೋದನ್ನ ಅದು ತೀರ್ಮಾನಿಸುತ್ತೆ. ಟೋ ಕೊನೆಯಲ್ಲಿ ಏನೂ ವಾಪಸ್ ಹೋಗಲ್ಲ, ಕೆಪಾಸಿಟರ್ ತನ್ನ ನಿಜವಾದ ಬೆಲೆಯಲ್ಲೇ ಇರುತ್ತೆ: ಲೆಕ್ಕ ಹಾಕಿದ್ರೆ 2,250 ಹರ್ಟ್ಸ್ ಆಸುಪಾಸು. ಹಿಮ್ಮಡಿ ಕೊನೆಯಲ್ಲಿ ಅದೇ ಕೆಪಾಸಿಟರ್ ಇಪ್ಪತ್ತೈದು ಪಟ್ಟು ದೊಡ್ಡದಾದ ಹಾಗೆ ವರ್ತಿಸಿ 450 ಹರ್ಟ್ಸ್ ಹತ್ತಿರ ಇಳಿಯುತ್ತೆ.

ಪಾಟ್‌ಗೆ ಸಿಗ್ನಲ್ ಹೋಗೋದೂ, ಔಟ್‌ಪುಟ್ ಜ್ಯಾಕ್‌ಗೆ ಹೋಗೋದೂ ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಡೆಯಿಂದಲೇ. ಆ ಥರದ ಫಜ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಕೆಲವೇ ಕಿಲೋ-ಓಮ್. ಅದನ್ನ ಸಿಕ್ಕಿಸಿದ ಕೂಡಲೇ ಆ ಜಾಗದ ಸಿಗ್ನಲ್ ಕುಸಿಯುತ್ತೆ, ಜೊತೆಗೆ ಫೀಡ್‌ಬ್ಯಾಕೂ ಕುಸಿಯುತ್ತೆ. ಗುಣಿಸೋಕೆ ಏನೂ ಉಳಿಯಲ್ಲ. ಅದಕ್ಕೇ ವಾಲ್ಯೂಮ್ ಜೊತೆ ಸ್ವೀಪೂ ಹೋಗೋದು.

ಪರಿಹಾರ: ವಾ ಔಟ್‌ಪುಟ್‌ನಲ್ಲಿ ಒಂದು ಬಫರ್ (ಮುಂದಿನ ಪೆಡಲ್‌ನ ಭಾರ ವಾ ಮೇಲೆ ಬೀಳದ ಹಾಗೆ ತಡೆಯೋ ಸಣ್ಣ ಸರ್ಕ್ಯೂಟ್), ಎಮಿಟರ್ ಫಾಲೋವರ್ ಆಗ್ಲಿ ಜೆಫೆಟ್ ಆಗ್ಲಿ. ಅದನ್ನ ಫುಟ್‌ಸ್ವಿಚ್‌ನ ಒಳಗಡೆ ಹಾಕಿ, ಅಂದ್ರೆ ವಾ ಆನ್ ಇದ್ದಾಗ ಮಾತ್ರ ಅದು ದಾರಿಯಲ್ಲಿರಬೇಕು. ಸ್ವಿಚ್ ಆಚೆ ಹಾಕಿದ್ರೆ ವಾ ಆಫ್ ಇದ್ದಾಗಲೂ ಫಜ್‌ಗೆ ಪಿಕಪ್ ನೇರವಾಗಿ ಸಿಗಲ್ಲ. ಗಿಟಾರ್ ವಾಲ್ಯೂಮ್ ಇಳಿಸಿ ಸದ್ದು ತಿಳಿ ಮಾಡೋ ಗುಣ ಹೊರಟೋಗುತ್ತೆ. ಬಫರ್ ಆದ್ಮೇಲೆ ಸರಣಿಯಲ್ಲಿ 50 ಕೆ ಟ್ರಿಮ್‌ಪಾಟ್ ಇಟ್ಟು 10 ಕೆಯಿಂದ ಶುರು ಮಾಡಿ. ತೀರಾ ಕಮ್ಮಿ ಇದ್ರೆ ಫಜ್ ಒರಟು, ತೀರಾ ಜಾಸ್ತಿ ಇದ್ರೆ ಸಪ್ಪೆ. ಕಿವಿಗೆ ಹಿಡಿಸಿದ ಕಡೆ ನಿಲ್ಲಿಸಿ, ಅಳೆದು, ಹತ್ತಿರದ ರೆಸಿಸ್ಟರ್ ಬೆಸೆಯಿರಿ.

ಪೆಡಲ್ ಬಿಚ್ಚೋದು ಬೇಡ ಅಂದ್ರೆ ಫಜ್ ಮೊದಲು, ವಾ ಆಮೇಲೆ. ಆದ್ರೆ ಅದು ಬೇರೆಯದೇ ಸದ್ದು: ತುಂಬಾ ಅಗಲ, ಸಿಂಥ್ ಹತ್ತಿರ ಹೋಗುತ್ತೆ.

ಟೇಪ್_ಹೆಡ್

ರೆಕಾರ್ಡುಗಳ ವಿಷಯಕ್ಕೆ ಬರೋಣ. ಈ ಪೆಡಲ್ ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ. ವಾಕ್ಸ್ ಆಂಪ್‌ನ ಮಿಡ್-ಬೂಸ್ಟ್ ಸ್ವಿಚ್ ಬದಲು ಅಗ್ಗದ ಪಾಟ್ ಹಾಕೋಕೆ ಹೋದ ಬ್ರಾಡ್ ಪ್ಲಂಕೆಟ್ ಕೈಗೆ ಇದು ಸಿಕ್ತು. ಅಂದ್ರೆ ಮೂಲದಲ್ಲೇ ಇದೊಂದು ಟೋನ್ ಕಂಟ್ರೋಲ್. ರೆಕಾರ್ಡಿಂಗ್‌ನಲ್ಲಿ ಅದನ್ನ ಹಾಗೇ ನೋಡಿದ್ರೆ ಅರ್ಧ ಕೆಲಸ ಮುಗೀತು.

ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ವಾ ಆದ್ಮೇಲೆ ಫಜ್ ಇಟ್ಟೇ ನುಡಿಸ್ತಿದ್ದ್ರು. ಆದ್ರೆ ‘ವೂಡೂ ಚೈಲ್ಡ್ (ಸ್ಲೈಟ್ ರಿಟರ್ನ್)’, 1968, ಅದರ ಮೊದಲ ಸೆಕೆಂಡುಗಳನ್ನ ಗಮನಿಸಿ. ಅಲ್ಲಿ ಸ್ವರವೇ ಇಲ್ಲ. ಬಲಗೈ ತಂತಿಗಳನ್ನ ಮುಚ್ಚಿ ಹಿಡಿದಿದೆ, ಎಡಗೈ ಕೆರೀತಿದೆ (ಹೆಂಡ್ರಿಕ್ಸ್ ಎಡಚರು), ವಾ ಆ ಕೆರೆತಕ್ಕೇ ಬಾಯಿ ಕೊಡ್ತಿದೆ. ಮುಚ್ಚಿದ ತಂತಿಯ ಸದ್ದಿನಲ್ಲಿ ಎಲ್ಲಾ ಫ್ರೀಕ್ವೆನ್ಸಿಯೂ ಸ್ವಲ್ಪ ಸ್ವಲ್ಪ ಇರೋದ್ರಿಂದ ಫಿಲ್ಟರ್ ಎಲ್ಲಿಗೆ ಹೋದ್ರೂ ಅದಕ್ಕೆ ಸಿಗ್ನಲ್ ಸಿಗುತ್ತೆ.

‘ಶಾಫ್ಟ್’ ಸಿನಿಮಾದ ಥೀಮ್ (1971) ಕೂಡ ಅದೇ ತತ್ವ. ನುಡಿಸಿದ್ದು ಚಾರ್ಲ್ಸ್ ‘ಸ್ಕಿಪ್’ ಪಿಟ್ಸ್, ಪೆಡಲ್ ಮ್ಯಾಸ್ಟ್ರೋ ಬೂಮರ್‍ಯಾಂಗ್. ಹೈ-ಹ್ಯಾಟ್ ಒಂದು ಬೀಟ್‌ಗೆ ನಾಲ್ಕು ಏಟು ಹೊಡೀತಿರುತ್ತೆ, ಗಿಟಾರ್ ಕೈ ಅದರ ಜೊತೆಗೇ ಕೂರಬೇಕು. ಈ ಶೈಲಿ ಕಲಿಯೋರು ಎಡವೋದು ಪಾದದಲ್ಲಿ: ಕೈಯ ಪ್ರತಿ ಏಟಿಗೂ ಪೆಡಲ್ ತುಳೀತಾರೆ. ಪಾದ ಬೀಟ್ ಲೆಕ್ಕದಲ್ಲಿ ನಡೀಲಿ, ಬೀಟ್ ಮೇಲೆ ಹಿಮ್ಮಡಿ, ಎರಡು ಬೀಟ್‌ಗಳ ನಡುವೆ ಟೋ. ಕೈ ಮಾತ್ರ ನಾಲ್ಕು ಪಟ್ಟು ಓಡ್ಲಿ. ಪೂರ್ತಿ ಸ್ವೀಪ್ ಬೇಡ, ಮಧ್ಯದ ಅರ್ಧ ಸಾಕು.

ಪೆಡಲ್ ಒಂದೇ ಕಡೆ ನಿಲ್ಲಿಸಿದ ಸದ್ದಿಗೆ ಗಿಟಾರಿಸ್ಟ್ ಮೈಕೆಲ್ ಶೆಂಕರ್ ಕೇಳಿ. ಡೈರ್ ಸ್ಟ್ರೇಟ್ಸ್ ತಂಡದ ‘ಮನಿ ಫಾರ್ ನಥಿಂಗ್’ (1985) ಕೂಡ ಅದೇ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಎಂಜಿನಿಯರ್ ನೀಲ್ ಡಾರ್ಫ್ಸ್‌ಮನ್ ಹೇಳೋ ಪ್ರಕಾರ ಅದರ ಮುಖ್ಯ ಕಾರಣ ಸ್ಪೀಕರ್ ಮುಂದೆ ಅಡ್ಡಾದಿಡ್ಡಿ ನಿಂತಿದ್ದ ಮೈಕ್‌ಗಳು. ಒಂದು ನೆಲ ನೋಡ್ತಿತ್ತು. ಎರಡು ಮೈಕ್‌ಗಳ ಫೇಸ್ ವ್ಯತ್ಯಾಸ (ಒಂದೇ ಸದ್ದು ಎರಡಕ್ಕೂ ಹಿಂದೆ ಮುಂದೆ ತಲುಪೋದು) ಕೆಲವು ಫ್ರೀಕ್ವೆನ್ಸಿ ತಿಂದುಹಾಕಿದ್ರೆ ಉಳಿದದ್ದು ವಾ ಥರಾನೇ ಮೂಗಿನಲ್ಲಿ ಮಾತಾಡುತ್ತೆ.

ರೆಕಾರ್ಡ್ ಮಾಡೋವಾಗ ಡಿಐ ಬಾಕ್ಸ್‌ನಿಂದ (ಗಿಟಾರನ್ನ ಆಂಪ್ ಇಲ್ಲದೆ ನೇರ ರೆಕಾರ್ಡ್‌ಗೆ ಕೊಡೋ ಪೆಟ್ಟಿಗೆ) ವಾ ಇಲ್ಲದ ಸಿಗ್ನಲ್ ಒಂದನ್ನ ಬೇರೆ ಟ್ರ್ಯಾಕ್‌ನಲ್ಲಿ ಇಟ್ಕೊಳ್ಳಿ. ಪಾದದ ಚಲನೆ ಹಿಡಿಸದಿದ್ರೆ ರೀಆಂಪ್ ಮಾಡ್ತಾ (ರೆಕಾರ್ಡ್ ಆದ ಸಿಗ್ನಲನ್ನ ಮತ್ತೆ ಪೆಡಲ್, ಆಂಪ್ ಮೂಲಕ ಹಾಯಿಸ್ತಾ) ಪೆಡಲ್ ಮಾತ್ರ ಮತ್ತೆ ನುಡಿಸಬಹುದು. ಇಂಟರ್‌ಫೇಸ್‌ನಿಂದ ನೇರ ಪೆಡಲ್‌ಗೆ ಕೊಡಬೇಡಿ, ಲೈನ್ ಲೆವೆಲ್ ಜಾಸ್ತಿಯಾಗಿ ಮೊದಲ ಟ್ರಾನ್ಸಿಸ್ಟರಿನಲ್ಲೇ ಸದ್ದು ಒಡೆಯುತ್ತೆ. ಮಧ್ಯೆ ರೀಆಂಪ್ ಬಾಕ್ಸ್ ಇರಲೇಬೇಕು.

ಆರು_ತಂತಿ

ಬಫರ್ ಹಾಕೋ ದಾರೀನೇ ಹಿಡೀತೀನಿ. ಎರಡು ಸಣ್ಣ ವಿಷಯ: ಟೋ ಪೂರ್ತಿ ಒತ್ತಿದಾಗ ಹಾಡುವ ದನಿ ಮೇಲೆ ಚುಚ್ಚುತ್ತೆ. ಪೆಡಲ್ ಅಲ್ಲಾಡಿಸಿದ್ರೆ ಕರಕರ ಬೇರೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೂ ಹೋಗಿಲ್ಲ.

ಬೆಸುಗೆ

ಚುಚ್ಚೋದಕ್ಕೆ ಮೊದಲು ಏನೂ ಬೆಸೆಯಬೇಡಿ. ಪಾಟ್‌ನ ಹಲ್ಲಿನ ಚಕ್ರ ಮತ್ತು ಹಲ್ಲಿನ ಪಟ್ಟಿ ಸೇರೋ ಕಡೆ ಪಟ್ಟಿ ಸಡಿಲಿಸಿ, ಒಂದೆರಡು ಹಲ್ಲು ಹಿಮ್ಮಡಿ ಕಡೆ ಜರುಗಿಸಿ ಸೇರಿಸಿ. ಟೋ ಒತ್ತಿದಾಗಲೂ ಪಾಟ್ ಕೊನೆ ಮುಟ್ಟಲ್ಲ. ಹಿಮ್ಮಡಿ ಕಡೆ ಪಾಟ್ ತನ್ನ ಕೊನೆಗೆ ಡಿಕ್ಕಿ ಹೊಡೀತಿಲ್ಲ ಅಂತ ನೋಡ್ಕೊಳ್ಳಿ, ಇಲ್ಲಾಂದ್ರೆ ಪಾಟ್ ಮುರಿಯುತ್ತೆ. ಸಾಲದಿದ್ರೆ 0.01 ಬದಲು 0.015 ಮೈಕ್ರೋಫ್ಯಾರಡ್ ಹಾಕಿ, ಮೇಲ್ತುದಿ 1,840 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತೆ. ಕೆಳತುದಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತೆ ಅನ್ನೋದು ನೆನಪಿರಲಿ.

ಕ್ಲೀನರ್‌ಗೆ ಬಗ್ಗದ ಕರಕರ ಅಂದ್ರೆ ಪಾಟ್ ಮೇಲೆ ಡಿಸಿ ಸೋರ್ತಿರಬಹುದು. ಮಲ್ಟಿಮೀಟರ್‌ನ ಕಪ್ಪು ತಂತಿ ಗ್ರೌಂಡ್‌ಗೆ, ಕೆಂಪು ಪಾಟ್‌ನ ಮಧ್ಯದ ಕಾಲಿಗೆ ಇಟ್ಟು ಪೆಡಲ್ ನಿಧಾನಕ್ಕೆ ಆಡಿಸಿ. ಸೊನ್ನೆ ವೋಲ್ಟ್ ಬರಬೇಕು. ಏನಾದ್ರೂ ಕಂಡ್ರೆ ಪಾಟ್‌ಗೆ ಸೇರೋ 0.22 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನ ಬದಲಾಯಿಸಿ, ಫಿಲ್ಮ್ ಮಾದರಿ ಹಾಕಿ. ಸೊನ್ನೆ ಇದ್ದೂ ಕರಕರ ಅಂದ್ರೆ ಪಾಟೇ ಸವೆದಿದೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗೋ ಮಾಮೂಲಿ 100 ಕೆ ಲೀನಿಯರ್ ಪಾಟ್ ತಂದು ಹಾಕಬೇಡಿ. ವಾ ಪಾಟ್‌ನ ಟೇಪರ್ (ತಿರುಗಿಸಿದ ಹಾಗೆ ರೆಸಿಸ್ಟೆನ್ಸ್ ಬದಲಾಗೋ ರೀತಿ) ಬೇರೆ, ಅದಿಲ್ಲದೆ ಇಡೀ ಸ್ವೀಪ್ ಒಂದು ಮೂಲೆಯಲ್ಲಿ ಗುಡ್ಡೆ ಬೀಳುತ್ತೆ. ವಾಗೆಂದೇ ಮಾಡಿದ್ದನ್ನ ತರಿಸಿ, ಹಳೇ ಪಾಟ್‌ನ ಹಲ್ಲಿನ ಚಕ್ರ ಜೋಪಾನವಾಗಿ ಎತ್ತಿಟ್ಕೊಳ್ಳಿ.