ಗಡಿಯಾರ ‘ಸಿಂಕ್’ ಆಗೋದಕ್ಕ ನಿಮ್ಮ ಕಡೆ ಏನಂತೀರಿ?

ಒಂದು ಗಡಿಯಾರ ಇನ್ನೊಂದನ್ನ ಕೇಳಿ ತನ್ನ ಟೈಮ್ ಸರಿ ಮಾಡ್ಕೊಳ್ಳೋದಕ್ಕ ಒಂದು ಶಬ್ದ ಕೇಳೋದೈತಿ, ಆದ್ರ ಮೊದ್ಲು ಕಥಿ ಹೇಳಬೇಕು, ಇಲ್ಲಾಂದ್ರ ಯಾಕ ಕೇಳಾಕತ್ತೀನಿ ಅಂತ ತಿಳಿಯಂಗಿಲ್ಲ.

ಗಂಗಾವತಿ ಹತ್ರ ಒಂದು ರೈಸ್ ಮಿಲ್ಲಿನ ರೂಟರ್, ಕ್ಯಾಮೆರಾ ಎಲ್ಲಾ ನಾನ ನೋಡ್ಕೊಳ್ಳೋದು. ಹೋದ ವಾರ ಅಲ್ಲಿ ಗುಮಾಸ್ತರು ಫೋನ್ ಮಾಡಿ ನೆಟ್ ಬಂದ್ ಆಗೈತಿ ಬರ್ರಿ ಅಂದ್ರು. ಹೋಗಿ ರೂಟರಿನ ಲಾಗ್, ಅಂದ್ರ ಅದು ತಾನ ಬರಕೊಳ್ಳೋ ದಿನಚರಿ, ತೆಗದು ನೋಡಿದ್ರ ಪ್ರತಿ ಸಾಲಿಗೂ 1970 ಜನವರಿ 1, ಮುಂಜಾನಿ 5:32, 5:33, 5:34. ಯಾಕಂದ್ರ ಈ ಡಬ್ಬಿಗಳ ಲೆಕ್ಕದಾಗ ಕಾಲ ಶುರುವಾಗೋದ ಆ ದಿನದ ಮಧ್ಯರಾತ್ರಿ, ಅದೂ ಗ್ರೀನಿಚ್ ಮಧ್ಯರಾತ್ರಿ, ನಾವು ಐದೂವರಿ ತಾಸು ಮುಂದ ಅದೀವಿ, ಹಿಂಗಾಗಿ ನಮಗ ಕೋಳಿ ಕೂಗೋ ಹೊತ್ತು. ಸಣ್ಣ ರೂಟರಿನ್ಯಾಗ ಬ್ಯಾಟರಿ ಮ್ಯಾಲ ಓಡೋ ಗಡಿಯಾರ ಇರಂಗಿಲ್ಲ, ಕರೆಂಟ್ ಹೋತಂದ್ರ ಎಲ್ಲಾ ಮರೀತೈತಿ, ಬಂದ ಮ್ಯಾಲ ಇಂಟರ್ನೆಟ್ಟಿನ್ಯಾಗ ಎನ್‌ಟಿಪಿ ಸರ್ವರಿಗೆ, ಅಂದ್ರ ಟೈಮ್ ಹೇಳೋ ಕಂಪ್ಯೂಟರಿಗೆ, ಕೇಳಿ ಟೈಮ್ ಸರಿ ಮಾಡ್ಕೊಂತೈತಿ. ಇಲ್ಲಿ ಕೇಳಾಕತ್ತಿತ್ತು, ಉತ್ತರ ಬರಾಕತ್ತಿರ್ಲಿಲ್ಲ.

ಮೊದ್ಲು ಟೈಮಿನ ಮಾತು ಹೋಗಿ ಬರೋ ಬಾಗಿಲು, ಯುಡಿಪಿ 123ನೇ ಪೋರ್ಟ್, ಯಾರರ ಮುಚ್ಯಾರೇನು ಅಂತ ನೋಡ್ದೆ, ಮುಚ್ಚಿಲ್ಲ. ಟೈಮ್ ಝೋನ್ ಸರಿ ಐತಿ. ಒಂದು ಚಾ ಆತು, ಎರಡನೇ ಚಾಕ್ಕ ಹೊಳೀತು, ತಪ್ಪು ನಂದ. ತಿಂಗಳ ಹಿಂದ ನಾನ ಶ್ಯಾಣ್ಯಾ ಆಗಾಕ ಹೋಗಿ ಡಿಎನ್‌ಎಸ್ (ಸರ್ವರಿನ ಹೆಸರು ಕೊಟ್ರ ಅದರ ಅಡ್ರೆಸ್ ಹೇಳೋ ವ್ಯವಸ್ಥಾ) ಎಲ್ಲಾ ಟಿಎಲ್‌ಎಸ್ ಅನ್ನೋ ಗುಟ್ಟಿನ ದಾರಿ ಮ್ಯಾಲ ಹೋಗೂ ಹಂಗ ಇಟ್ಟಿದ್ದೆ. ಅದಕ್ಕ ಆಚಿ ಕಡಿ ಸರ್ವರ್ ಖರೇದು ಅಂತ ತೋರಸೋ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಇಂಥಾ ತಾರೀಖಿನಿಂದ ಇಂಥಾ ತಾರೀಖು ಅಂತ ಅವಧಿ ಇರ್ತೈತಿ, 1970ರಾಗ ಕುಂತ ರೂಟರಿಗೆ ಅದು ಇನ್ನೂ ಹುಟ್ಟೇ ಇಲ್ಲ. ಟೈಮ್ ಕೇಳಬೇಕಂದ್ರ ಸರ್ವರಿನ ಅಡ್ರೆಸ್ ಸಿಗಬೇಕು, ಅಡ್ರೆಸ್ ಸಿಗಬೇಕಂದ್ರ ಟೈಮ್ ಸರಿ ಇರಬೇಕು. ಹುಚ್ಚು ಬಿಡೋ ತನಕ ಮದುವಿ ಆಗಂಗಿಲ್ಲ, ಮದುವಿ ಆಗೋ ತನಕ ಹುಚ್ಚು ಬಿಡಂಗಿಲ್ಲ. ಟೈಮ್ ಸರ್ವರಿನ ಹೆಸರೊಂದನ್ನ ಟಿಎಲ್‌ಎಸ್ ಇಲ್ಲದ ಸಾದಾ ಡಿಎನ್‌ಎಸ್‌ಗೆ ಕೇಳೂ ಹಂಗ ಮಾಡ್ದೆ, ಒಂದು ನಿಮಿಷದಾಗ ತಾರೀಖು ಬಂತು, ನೆಟ್ಟೂ ಬಂತು.

ಈಗ ಶಬ್ದಕ್ಕ ಬರ್ತೀನಿ. ಮಾಲಕರು ಮುಂದ ಹಿಂಗಾದ್ರ ಏನ್ ಮಾಡಬೇಕು ಅಂತ ಕನ್ನಡದಾಗ ಬರದು ರೂಟರ್ ಬಾಜೂಕ ಅಂಟಸ್ರಿ ಅಂದ್ರು. ‘ಟೈಮ್ ಸಿಂಕ್ ಆಗದಿದ್ದರೆ’ ಅಂತ ಬರದೆ. ಗುಮಾಸ್ತರು ಓದಿ, ಮುಸುರಿ ತಿಕ್ಕೋ ಸಿಂಕ್ ಏನ್ರಿ ಅಂದ್ರು. ಚ್ಯಾಷ್ಟಿ ಮಾಡಿದ್ರೋ ಖರೇನ ಕೇಳಿದ್ರೋ ಗೊತ್ತಾಗ್ಲಿಲ್ಲ, ಆದ್ರ ನಾನು ಹರದು ಮತ್ತ ಬರಿಯಾಕ ಕುಂತೆ.

‘ಸಮಕಾಲೀಕರಣ’ ಅನ್ನೋರು ಅದಾರ. ಹಂಪಿ ಹರಿಹರ, ರಾಘವಾಂಕ ಸಮಕಾಲೀನರು ಅಂತ ಸಾಲ್ಯಾಗ ಓದಿದ ತಲಿ ನಂದು, ರೂಟರನ್ನ ಯಾರ ಸಮಕಾಲೀನ ಮಾಡ್ಲಿ? ‘ಹೊಂದಿಸು’ ಚಲೋ ಐತಿ, ಆದ್ರ ಅಲಾರಾಂ ಇಡೋದಕ್ಕೂ ಹೊಂದಿಸೋದ, ಕೈಲೆ ಮುಳ್ಳು ತಿರುವೋದಕ್ಕೂ ಹೊಂದಿಸೋದ, ಇನ್ನೊಬ್ಬರನ್ನ ಕೇಳಿ ಅನ್ನೋ ಅರ್ಥ ಅದರಾಗ ಬರಂಗಿಲ್ಲ. ‘ತಾಳೆ’ ಮಿಲ್ಲಿನೋರ ಬಾಯಾಗ ದಿನಾ ಇರೋ ಶಬ್ದ, ಚೀಲದ ಲೆಕ್ಕ ತಾಳೆ ಆತೇನು ಅಂತಾರ. ಗುಮಾಸ್ತರು ಒಪ್ಪಿದ್ರು, ನನಗ ಒಪ್ಪಿಗಿ ಆಗ್ಲಿಲ್ಲ, ಯಾಕಂದ್ರ ತಾಳೆ ನೋಡೋದಂದ್ರ ತಪ್ಪು ಎಲ್ಲೈತಿ ಅಂತ ಹುಡುಕೋದು, ಯಾರ್ದು ತಪ್ಪು ಅನ್ನೋದು ಆಮ್ಯಾಲಿನ ಮಾತು. ಇಲ್ಲಿ ತಪ್ಪು ಯಾವತ್ತಿದ್ರೂ ರೂಟರಿಂದ.

ಎನ್‌ಟಿಪಿ ಮಾಡೋದು ಹ್ಯಾಂಗಂದ್ರ ಹಳ್ಳದ ಆಚಿ ದಂಡಿಮ್ಯಾಲಿನವನಿಗೆ ಟೈಮ್ ಎಷ್ಟಾತೋ ಅಂತ ಕೂಗಿ ಕೇಳಿದಂಗ. ನಾನು ಕೂಗಿದ್ದು ಯಾವಾಗ, ಅವನಿಗೆ ಕೇಳಿದ್ದು ಯಾವಾಗ, ಅವನು ತಿರುಗಿ ಕೂಗಿದ್ದು ಯಾವಾಗ, ನನಗ ಮುಟ್ಟಿದ್ದು ಯಾವಾಗ, ನಾಕೂ ಬರಕೊಂಡು ದನಿ ಹೋಗಿ ಬರೋ ಹೊತ್ತಿನಾಗ ಅರ್ಧ ಲೆಕ್ಕಾ ಹಿಡದು ತನ್ನ ಗಡಿಯಾರ ತಿದ್ಕೊಳ್ಳೋದು. ನಮ್ಮಜ್ಜ ರೇಡಿಯೋದಾಗ ವಾರ್ತೆ ಮುಂಚೆ ಪಿಪ್ ಪಿಪ್ ಅನ್ನೋದಕ್ಕ ಕಾಯ್ಕೊಂಡು ಕುಂತು ಎಚ್‌ಎಂಟಿ ವಾಚಿನ ಕೀಲಿ ಹೊರಗ ಎಳ್ಕೊಂಡು ಮುಳ್ಳು ತಿರುವ್ತಿದ್ದ, ಅದಕ್ಕ ಅಂವ ‘ಟೈಮ್ ಮಿಲಾಯ್ಸೋದು’ ಅಂತಿದ್ದ. ಕೈ ಮಿಲಾಯಿಸಿದರು ಅಂತ ಪೇಪರಿನೋರೂ ಬರೀತಾರಲ್ಲ, ಅದ. ಇಬ್ಬರಿದ್ರ ಮಾತ್ರ ಆಗೋ ಕೆಲಸ, ಅದಕ್ಕ ನನಗ ಇದ ಸರಿ ಅನಿಸ್ತು. ಹಿಂದಿ-ಉರ್ದೂ ಶಬ್ದ ಅಂತ ಯಾರರ ಮುಖ ಸಿಂಡರಿಸಿದ್ರ, ನಾವು ದಿನಾ ಹೇಳೋ ‘ತಾಸು’ನೂ ಅರಬ್ಬಿ-ಪಾರ್ಸಿ ಕಡೆಯ ಬಟ್ಟಲ, ನೀರಾಗ ಮುಳುಗಿ ಹೊತ್ತು ಹೇಳೋ ಬಟ್ಟಲು. ಅದನ್ನ ಬಿಡಾಕ ನಾ ತಯಾರಿಲ್ಲ.

ಹಾಳಿಮ್ಯಾಲ ‘ಟೈಮ್ ಮಿಲಾಪ ಆಗದಿದ್ದರೆ’ ಅಂತ ಬರದು ಅಂಟಿಸಿ ಬಂದೀನಿ. ಮಿಲಾಯಿಸು ಇರೋದಕ್ಕ ಮಿಲಾಪ ಆಗಬಹುದಾ, ಇಲ್ಲಾ ಅದು ಅಣ್ತಮ್ಮರು ರಾಜಿ ಆದಂಗ ಕೇಳ್ತೈತಾ?

ಇನ್ನೊಂದು ತೊಡಕು. ಫರಕು ದೊಡ್ಡದಿದ್ರ ಗಡಿಯಾರ ಒಮ್ಮೆಲೆ ಜಿಗೀತೈತಿ, ಅದಕ್ಕ ‘ಜಿಗಿಸು’ ಸಾಕು. ಸಣ್ಣದಿದ್ರ, ಅಂದ್ರ ಎನ್‌ಟಿಪಿ ಪ್ರೋಗ್ರಾಮಿನ ಲೆಕ್ಕದಾಗ 128 ಮಿಲಿಸೆಕೆಂಡಿನ ಒಳಗಿದ್ರ, ಜಿಗಿಯಂಗಿಲ್ಲ, ಓಡೋ ವೇಗ ತುಸು ಹೆಚ್ಚು-ಕಡಿಮಿ ಮಾಡ್ಕೊಂತ ಗೊತ್ತಾಗದಂಗ ಸರಿ ಹೋಗ್ತೈತಿ. ಬಂಡಿ ಹೊಡಿಯೋರು ಎತ್ತನ್ನ ಹೊಡಿಲಾರದ ಹಗ್ಗ ತುಸು ಬಿಗಿ ಹಿಡದು ಮುಂದಿನ ಬಂಡಿ ಜೋಡಿ ಸಮಾ ಮಾಡ್ತಾರಲ್ಲ, ಅದಕ್ಕ ನಿಮ್ಮ ಊರಾಗ ಒಂದು ಕ್ರಿಯಾಪದ ಇದ್ದ ಇರಬೇಕು. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯೋರು ಹೇಳ್ರಿ.